ಭತ್ತದ ಹೊಟ್ಟು, ನಂಜನಗೂಡು ಹಲ್ಲುಪುಡಿ ಮತ್ತು ನಾವು ಮರೆತ ಒಸಡು

ಸೂಪರ್‌ಮಾರ್ಕೆಟ್ಟಿನ ಶೆಲ್ಫಿನಲ್ಲಿ ಈಗ ಕಪ್ಪು ಪೇಸ್ಟುಗಳದ್ದೇ ದರ್ಬಾರು. ‘ಆಕ್ಟಿವೇಟೆಡ್ ಚಾರ್ಕೋಲ್’ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತೆ, ಬೆಲೆಯೂ ಮಾಮೂಲಿ ಪೇಸ್ಟಿಗಿಂತ ಜಾಸ್ತಿ. ಮೈಸೂರಿನವರಿಗೆ ಇದನ್ನು ನೋಡಿದರೆ ನಗು ಬರಬೇಕು. ಸುಟ್ಟ ಪದಾರ್ಥದಿಂದ ಹಲ್ಲುಜ್ಜುವುದನ್ನು ಒಂದು ಉದ್ಯಮವನ್ನಾಗಿಯೇ ಮಾಡಿ, ಪೊಟ್ಟಣ ಕಟ್ಟಿ ನಾಡಿಗೆಲ್ಲ ಹಂಚಿದ ಊರು ಇಲ್ಲಿಂದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನಲ್ಲೇ ಇದೆ. ನಂಜನಗೂಡು.

ಅದಕ್ಕೂ ಮೊದಲು ಪ್ರತಿ ಮನೆಯೂ ತನ್ನದೇ ಹಲ್ಲುಪುಡಿಯ ಕಾರ್ಖಾನೆ. ಒಲೆಯ ಇದ್ದಿಲು, ಒಂದಿಷ್ಟು ಉಪ್ಪು, ತೋಟದ ಕಡೆ ಹೋದರೆ ಬೇವಿನ ಕಡ್ಡಿಯೋ ಹೊಂಗೆ ಕಡ್ಡಿಯೋ. ಕಡ್ಡಿಗೂ ಶಾಸ್ತ್ರ ಇತ್ತು. ವಾಗ್ಭಟನ ಅಷ್ಟಾಂಗ ಹೃದಯದ ಪ್ರಕಾರ ಅದು 12 ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ ಇರಬೇಕು; ತುದಿಯನ್ನು ಜಗಿದು ಮೆತ್ತಗೆ ಮಾಡಿಕೊಂಡು, ಒಸಡಿಗೆ ನೋವಾಗದ ಹಾಗೆ ಉಜ್ಜಬೇಕು. ಸಾವಿರ ವರ್ಷಕ್ಕೂ ಹಿಂದಿನ ಗ್ರಂಥ ಹಲ್ಲಿನ ಜೊತೆ ಒಸಡನ್ನೂ ನೆನಪಿಟ್ಟುಕೊಂಡಿತ್ತು ಅನ್ನುವುದನ್ನು ಇಲ್ಲಿ ಗಮನಿಸಿ. ಆಮೇಲಿನ ಕಥೆಯಲ್ಲಿ ಕಳೆದುಹೋಗುವುದು ಅದೇ.

ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಶುರುವಾಗಿದ್ದು 1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಐದು ವರ್ಷ ಕಳೆದು, 1913ರಲ್ಲಿ, ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಸ್ಥಾಪಿಸಿದರು. ಕಪಿಲೆಯ ದಡದ ಆ ಊರಿಗೆ ವೈದ್ಯ ಹೊಸದೇನಲ್ಲ. ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನ ಅಲ್ಲಿಯ ದೇವರನ್ನೇ ಹಕೀಂ ನಂಜುಂಡ ಅಂತ ಕರೆದನೆಂಬ ಕಥೆಯನ್ನು ಈ ಕಡೆಯವರೆಲ್ಲ ಕೇಳಿದ್ದೇವೆ. ಸದ್ವೈದ್ಯಶಾಲೆ ಲೇಹ್ಯ, ಅರಿಷ್ಟ ಎಲ್ಲ ಮಾಡುತ್ತಿತ್ತು. ಮನೆಮಾತಾಗಿದ್ದು ಮಾತ್ರ ಹಲ್ಲುಪುಡಿ.

ನನಗೆ ಮಜಾ ಅನಿಸುವುದು ಅದರ ಕಚ್ಚಾವಸ್ತು. ಭತ್ತದ ಹೊಟ್ಟು! ಅಕ್ಕಿ ಗಿರಣಿಯ ಹಿಂದೆ ರಾಶಿ ಬೀಳುವ, ದನವೂ ಇಷ್ಟಪಟ್ಟು ತಿನ್ನದ ಹೊಟ್ಟು. ಅದನ್ನು ಪೂರ್ತಿ ಸುಟ್ಟರೆ ಉಳಿಯುವ ಬೂದಿಯಲ್ಲಿ ಹೆಚ್ಚುಕಮ್ಮಿ 90 ಭಾಗ ಸಿಲಿಕಾ. ನಿಮ್ಮ ಬಚ್ಚಲುಮನೆಯ ಪೇಸ್ಟಿನ ಟ್ಯೂಬು ತಿರುಗಿಸಿ ನೋಡಿ, ‘ಹೈಡ್ರೇಟೆಡ್ ಸಿಲಿಕಾ’ ಅಂತ ಇರುವ ಸಾಧ್ಯತೆ ಜಾಸ್ತಿ. ಕೊಳೆ ಕೆರೆದು ತೆಗೆಯುವ ಕೆಲಸಕ್ಕೆ ಬಹುರಾಷ್ಟ್ರೀಯ ಕಂಪನಿಗಳು ನೆಚ್ಚಿಕೊಂಡಿರುವುದೂ ಸಿಲಿಕಾವನ್ನೇ. ಅವರದ್ದು ಕಣದ ಗಾತ್ರ ಅಳೆದು ತಯಾರಿಸಿದ್ದು, ಅಷ್ಟೇ ವ್ಯತ್ಯಾಸ. ಆದರೆ ಹಲ್ಲಿನ ಎನಾಮಲ್ಲಿಗೆ ಆ ವ್ಯತ್ಯಾಸ ಸಣ್ಣದಲ್ಲ.

ಕೋಲ್ಗೇಟ್ ಕಂಪನಿ ಭಾರತದಲ್ಲಿ ಅಂಗಡಿ ತೆರೆದಿದ್ದು 1937ರಲ್ಲಿ. ಬ್ರಷ್ಷು, ಪೇಸ್ಟು ಎರಡೂ ಆಗ ಸಾಹುಕಾರರ ಸಾಮಾನು. ಉಳಿದವರ ಕೈಗೆ ಎಟುಕುತ್ತಿದ್ದದ್ದು ಪುಡಿ. ಬೆಳಗ್ಗೆ ಎದ್ದ ಕೂಡಲೇ ಅಂಗೈಗೆ ಸುರಿದುಕೊಂಡು ತೋರುಬೆರಳಿನಲ್ಲಿ ಉಜ್ಜುವ ಅಭ್ಯಾಸವನ್ನು ಇಂಥ ಪೊಟ್ಟಣಗಳು ಹಳೇ ಮೈಸೂರಿನ ಸೀಮೆಯಲ್ಲಿ ಉಳಿಸಿ ಬೆಳೆಸಿದವು. ಇದಕ್ಕೆ ನಾವು ಋಣಿಗಳಾಗಿರಲೇಬೇಕು. ಬೆರಳಿನ ಸಮಸ್ಯೆ ಬೇರೆ: ಅದು ಹಲ್ಲಿನ ಮುಖಕ್ಕೆ ಹೊಳಪು ಕೊಡುತ್ತೆ, ಸಂದಿಯೊಳಗೆ ಇಳಿಯಲ್ಲ.

ಸಂದಿಯಲ್ಲಿ ಕೂತ ಪಾಚಿಯಂಥ ಪದರ ದಿನಗಳೆದಂತೆ ಜೊಲ್ಲಿನ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗುತ್ತೆ. ಒಮ್ಮೆ ಕಲ್ಲಾದ ಮೇಲೆ ಪುಡಿಗೂ ಜಗ್ಗಲ್ಲ, ಸಾವಿರ ರೂಪಾಯಿಯ ಎಲೆಕ್ಟ್ರಿಕ್ ಬ್ರಷ್ಷಿಗೂ ಜಗ್ಗಲ್ಲ. ಒಸಡು ಊದಿಕೊಂಡು ರಕ್ತ ಬರುತ್ತೆ, ಆಮೇಲೆ ಹಲ್ಲನ್ನು ಹಿಡಿದಿಟ್ಟ ಮೂಳೆಯೇ ಕರಗುತ್ತಾ ಹೋಗುತ್ತೆ. ಬಹಳಷ್ಟು ಸಲ ನೋವೇ ಇರಲ್ಲ. ಹಾಗಾಗಿ ಬೆಳ್ಳಗಿರುವ, ಒಂದೂ ಹುಳುಕಿಲ್ಲದ ಹಲ್ಲೇ ಅಲ್ಲಾಡಲು ಶುರುವಾಗುತ್ತೆ. ಇದಕ್ಕಿರುವ ದಾರಿ ಸ್ಕೇಲಿಂಗ್. ಅದನ್ನು ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅನ್ನುವ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಅಷ್ಟು ದಿನ ಅಲ್ಲಾಡುವ ಹಲ್ಲಿಗೆ ಆ ಕಲ್ಲೇ ಆಸರೆಯಾಗಿತ್ತು, ತೆಗೆದಾಗ ಗೊತ್ತಾಯಿತು, ಅಷ್ಟೇ.

ಇನ್ನು ಮೈಸೂರಿನ ಬಾಯಿ ಅಂದಮೇಲೆ ವೀಳ್ಯದೆಲೆ ಬಿಡೋಕಾಗುತ್ತಾ? 2005ರಲ್ಲಿ ಜಿಐ ಮಾನ್ಯತೆ ಪಡೆದ ನಮ್ಮ ಎಲೆಯ ತೋಟಗಳು ಇದ್ದದ್ದೂ ನಂಜನಗೂಡು ರಸ್ತೆಯ ಕಡೆಗೇ. ಹಲ್ಲು ಕೆಂಪು ಮಾಡುವುದೂ ಬೆಳ್ಳಗೆ ಮಾಡುವುದೂ ಒಂದೇ ರಸ್ತೆಯ ಕಸುಬು! ಎಲೆಯನ್ನು ನಾನು ದೂರುವುದಿಲ್ಲ. ತಕರಾರು ಅದರೊಳಗೆ ಮಡಚಿಕೊಂಡು ಹೋಗುವ ಅಡಿಕೆ, ಹೊಗೆಸೊಪ್ಪಿನದು. ಹೊಗೆಸೊಪ್ಪು ಒಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರೋಗ ಇದ್ದರೂ ರಕ್ತ ಕಾಣಿಸಿಕೊಳ್ಳದೇ ಹೋಗಬಹುದು. ದೇಶದಲ್ಲಿ ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಗಳೇ ಮಾರಾಟವಾಗುತ್ತಿದ್ದವು; ಕೇಂದ್ರ ಸರ್ಕಾರ ಅವನ್ನು ನಿಷೇಧಿಸಿದ್ದು 1992ರಲ್ಲಿ.

ತೋರಿಸಿಕೊಳ್ಳೋಣ ಅಂದರೆ ಡಾಕ್ಟರು ಎಲ್ಲಿದ್ದರು? ಮೈಸೂರು ಮೆಡಿಕಲ್ ಕಾಲೇಜು 1924ರದು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದು. ಮೈಸೂರಿನಲ್ಲಿ ಜೆಎಸ್‌ಎಸ್ ದಂತ ಕಾಲೇಜು ಬಂದದ್ದು 1986ರಲ್ಲಿ, ಸದ್ವೈದ್ಯಶಾಲೆ ಶುರುವಾಗಿ 73 ವರ್ಷ ಆದಮೇಲೆ. ಅಲ್ಲಿಯವರೆಗೆ ಬಹುಪಾಲು ಜನಕ್ಕೆ ದಂತವೈದ್ಯ ಅಂದರೆ ಹಲ್ಲು ಕೀಳುವವನು. ನೋವು ಬಂದಮೇಲೆ ಹೋಗೋದು, ಕೀಳಿಸಿಕೊಂಡು ಬರೋದು.

ಈಗ ಮತ್ತೆ ಚಾರ್ಕೋಲಿಗೆ ಬರೋಣ. 2017ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷೆ, ಇದ್ದಿಲಿನ ಉತ್ಪನ್ನಗಳು ಸುರಕ್ಷಿತ ಅನ್ನುವುದಕ್ಕಾಗಲೀ ಪರಿಣಾಮಕಾರಿ ಅನ್ನುವುದಕ್ಕಾಗಲೀ ಸಾಕಷ್ಟು ಪುರಾವೆ ಇಲ್ಲ ಅಂದಿತು. ನಮ್ಮಜ್ಜಿಯರು ಒಲೆಯಿಂದ ಪುಕ್ಕಟೆ ತೆಗೆದುಕೊಳ್ಳುತ್ತಿದ್ದದ್ದಕ್ಕೆ ನಾವು ಯುಪಿಐ ಮಾಡುತ್ತಿದ್ದೇವೆ. ಹುಳುಕು ತಡೆಯುವ ಫ್ಲೋರೈಡು ಎಲ್ಲ ಕಪ್ಪು ಪೇಸ್ಟುಗಳಲ್ಲೂ ಇರಲ್ಲ. ನಮ್ಮ ದೇಶದ ನಿಯಮ 1000 ಪಿಪಿಎಂವರೆಗೆ ಒಪ್ಪುತ್ತೆ, ಕೊಳ್ಳುವಾಗ ಆ ಸಾಲನ್ನು ಹುಡುಕಿ.

ಕಳೆದ ದಶಕದಲ್ಲಿ ಮೈಸೂರಿನವರೇ ಆದ ಸಿದ್ದರಾಮಯ್ಯನವರ ಸರ್ಕಾರ ‘ದಂತಭಾಗ್ಯ’ ಅಂತ ಯೋಜನೆ ತಂದಾಗ ಸುಮಾರು ಜನ ತಮಾಷೆ ಮಾಡಿದ್ದರು. ಬಡ ಕುಟುಂಬದ ಹಿರಿಯರಿಗೆ ಉಚಿತ ಹಲ್ಲುಸೆಟ್ಟು ಕೊಡುವ ಯೋಜನೆ ಅದು. ನನಗೆ ತಮಾಷೆ ಅನಿಸಲಿಲ್ಲ. ದಿನಾ ಬೆಳಗ್ಗೆ ತಪ್ಪದೆ ಹಲ್ಲುಜ್ಜಿದ ತಲೆಮಾರು ಆ ಸಾಲಿನಲ್ಲಿ ನಿಂತಿತ್ತು. ಹಲ್ಲುಸೆಟ್ಟು ಕೈಗೆ ಕೊಡುವಾಗ ದಂತವೈದ್ಯರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ಮೆತ್ತನೆ ಬ್ರಷ್ಷಿನಲ್ಲಿ ತೊಳೀರಿ, ಹಲ್ಲುಪುಡಿ ಮಾತ್ರ ಹಾಕಬೇಡಿ, ಗೀರು ಬೀಳುತ್ತೆ.