ಡಾಲ್ಡಾ ಬಗ್ಗೆ ನಾವು ಆಡಿದ ತಪ್ಪು ಜಗಳ

ಮಂಗಳೂರಿನ ನಮ್ಮ ಹಳೇ ಮನೆಯಲ್ಲಿ ತುಳಸಿ ಗಿಡ ಇದ್ದದ್ದು ಒಂದು ವನಸ್ಪತಿ ಡಬ್ಬಿಯಲ್ಲಿ. ಹದಿನೈದು ಕಿಲೋದ ಚೌಕ ತಗಡಿನ ಡಬ್ಬಿ. ಕಟ್ಟೆ ಕಟ್ಟಿಸಲು ದುಡ್ಡಿರಲಿಲ್ಲ. ಡಬ್ಬಿಗೇ ಮಣ್ಣು ತುಂಬಿ, ಸುಣ್ಣ ಬಳಿದು ಅಮ್ಮ ದೀಪ ಇಡುತ್ತಿದ್ದರು. ಇದರಲ್ಲೇನು ವಿಶೇಷ ಅಂತೀರಾ? ಅದೇ ಅಮ್ಮ ವನಸ್ಪತಿಯನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ! ಯಾವ ಕಂಪನಿಯದ್ದಾದರೂ ನಮ್ಮ ಬಾಯಲ್ಲಿ ಅದು ಡಾಲ್ಡಾವೇ. "ಸುಳ್ಳು ತುಪ್ಪ ಅದು, ಅಂಗಳಕ್ಕೆ ಅಂಟುತ್ತೆ" ಅನ್ನುತ್ತಿದ್ದರು.

ಹಾಗಾದರೆ ಡಬ್ಬಿ ಬಂದದ್ದೆಲ್ಲಿಂದ? ಬೇಕರಿ ಇಟ್ಟಿದ್ದ ನನ್ನ ಚಿಕ್ಕಪ್ಪನಿಂದ. ಖಾಲಿ ಡಬ್ಬಿಯ ಜೊತೆ ಅವರು ಪಫ್ಸು, ಖಾರ ಬಿಸ್ಕೆಟ್ಟು ಕಟ್ಟಿ ಕೊಡುತ್ತಿದ್ದರು. ನಾವು ಚಪ್ಪರಿಸಿ ತಿನ್ನುತ್ತಿದ್ದೆವು. ಅಮ್ಮನೂ ತಿನ್ನುತ್ತಿದ್ದರು. ಡಬ್ಬಿಯಲ್ಲಿ ಇದ್ದದ್ದು ಎಲ್ಲಿ ಹೋಯಿತು ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಇಡೀ ದೇಶವೇ ಆ ಪ್ರಶ್ನೆಯನ್ನು ಸರಿಯಾಗಿ ಕೇಳಲಿಲ್ಲ ಅಂತ ನನಗೆ ಅರ್ಥವಾಗಿದ್ದು ಎಷ್ಟೋ ವರ್ಷಗಳ ಮೇಲೆ.

ಮೊದಲು ಈ ವಸ್ತು ಏನು ಅಂತ ನೋಡೋಣ. ಎಣ್ಣೆ ಹರಿಯುವುದು ಯಾಕೆ? ಅದರ ಕೊಬ್ಬಿನಾಮ್ಲದ ಸರಪಳಿಗಳು ಅಲ್ಲಲ್ಲಿ ಬಾಗಿರುತ್ತವೆ. ಸೊಟ್ಟ ಕಟ್ಟಿಗೆಯನ್ನು ಒತ್ತಾಗಿ ಹೊರೆ ಕಟ್ಟೋಕಾಗುತ್ತಾ? ಆಗಲ್ಲ. ಹಾಗೇ ಇದೂ. ಕಾದ ಎಣ್ಣೆಗೆ ನಿಕ್ಕಲ್ ಪುಡಿ ಹಾಕಿ, ಒತ್ತಡದಲ್ಲಿ ಜಲಜನಕ ಅನಿಲ ಹಾಯಿಸಿದರೆ ಆ ಬಾಗುಗಳು ನೆಟ್ಟಗಾಗುತ್ತವೆ, ಎಣ್ಣೆ ಗಟ್ಟಿಯಾಗುತ್ತದೆ. ಆಮೇಲೆ ನಿಕ್ಕಲನ್ನು ಸೋಸಿ ತೆಗೆಯುತ್ತಾರೆ. ಫ್ರಾನ್ಸಿನ ಪಾಲ್ ಸಬಾಟಿಯೇ ಈ ರಸಾಯನಶಾಸ್ತ್ರಕ್ಕೆ ದಾರಿ ಮಾಡಿಕೊಟ್ಟರು, 1912ರಲ್ಲಿ ನೊಬೆಲ್ ಪಡೆದರು. ಅದನ್ನು ಎಣ್ಣೆಗೆ ಅನ್ವಯಿಸಿ 1902ರಲ್ಲಿ ಪೇಟೆಂಟ್ ಪಡೆದದ್ದು ಜರ್ಮನಿಯ ವಿಲ್ಹೆಲ್ಮ್ ನಾರ್ಮನ್. 1911ಕ್ಕೆ ಅಮೆರಿಕದಲ್ಲಿ ಹತ್ತಿಬೀಜದ ಎಣ್ಣೆಯಿಂದ ಮಾಡಿದ ಕ್ರಿಸ್ಕೋ ಮಾರುಕಟ್ಟೆಗೆ ಬಂತು.

ನಮ್ಮಲ್ಲಿ ಲಿವರ್ ಕಂಪನಿ 1931ರಲ್ಲಿ ಹಿಂದೂಸ್ತಾನ್ ವನಸ್ಪತಿ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಸ್ಥಾಪಿಸಿತು. ಮುಂಬೈಯ ಶಿವಡಿಯಲ್ಲಿ ಕಾರ್ಖಾನೆ. 1937ರಲ್ಲಿ ಡಾಲ್ಡಾ ಹೆಸರು. ಡಚ್ಚರ 'ದಾದಾ' ಎಂಬ ಹೆಸರಿನ ನಡುವೆ ಲಿವರ್‌ನ 'ಲ' ಸೇರಿಸಿದ್ದು, ಅಷ್ಟೇ. ಡಬ್ಬಿಯಾಕಾರದ ವ್ಯಾನು, ಸಿನಿಮಾ ಮಂದಿರದಲ್ಲಿ ಜಾಹೀರಾತು, ಬೀದಿಯಲ್ಲಿ ಕರಿದು ತೋರಿಸುವ ಅಂಗಡಿ! ಟಿ.ವಿ. ಇಲ್ಲದ ಕಾಲದಲ್ಲಿ ಇಷ್ಟೆಲ್ಲ ಪ್ರಚಾರ.

ಹಳದಿ ಡಬ್ಬಿ, ಮೇಲೊಂದು ಹಸಿರು ಮರ. ನಮ್ಮ ಕರಾವಳಿಯವರ ಕಣ್ಣಿಗೆ ಅದು ತೆಂಗಿನ ಮರವೇ. ಆದರೆ ಆ ಕಾಲದಲ್ಲಿ ಒಳಗಿರುತ್ತಿದ್ದದ್ದು ಬಹುಪಾಲು ಕಡಲೆಕಾಯಿ ಎಣ್ಣೆ.

ನಿಜ ಹೇಳಬೇಕೆಂದರೆ ಗಟ್ಟಿಯಾಗುವ ಎಣ್ಣೆ ಮಂಗಳೂರಿಗೆ ಹೊಸದೇನೂ ಅಲ್ಲ. ತೆಂಗಿನೆಣ್ಣೆ, ತುಳುವಿನಲ್ಲಿ ತಾರಾಯಿದ ಎಣ್ಣೆ, ಸುಮಾರು 24 ಡಿಗ್ರಿಗೆ ಕರಗುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯನ್ನು ಬಿಸಿಲಿಗೆ ಇಡದ ಮನೆ ನಮ್ಮಲ್ಲಿ ಯಾವುದಿದೆ? ವನಸ್ಪತಿಗೆ ನಮ್ಮ ಕಾನೂನು ಕೊಟ್ಟಿರುವ ಕರಗುವ ಮಿತಿ 31ರಿಂದ 41 ಡಿಗ್ರಿ. ನಮ್ಮ ಮೈಯ ಬಿಸಿ 37. ಅಂದರೆ ಕೆಲವು ವನಸ್ಪತಿ ಬಾಯಲ್ಲಿ ಪೂರ್ತಿ ಕರಗುವುದೇ ಇಲ್ಲ, ಅಂಗಳಕ್ಕೆ ಮೆತ್ತಿಕೊಳ್ಳುತ್ತದೆ. ಥರ್ಮಾಮೀಟರ್ ಇಲ್ಲದೆಯೇ ಅಮ್ಮ ಕಂಡುಹಿಡಿದದ್ದು ಅದನ್ನೇ.

ಈಗ ಜಗಳಕ್ಕೆ ಬರೋಣ. ಗಾಂಧೀಜಿ ವನಸ್ಪತಿಯನ್ನು ವಿರೋಧಿಸಿದರು. ಗ್ರಾಮೋದ್ಯೋಗದ ಜೆ.ಸಿ. ಕುಮಾರಪ್ಪ ವಿರೋಧಿಸಿದರು, ಗಾಣ ಸಾಯುತ್ತದೆ ಎಂಬುದು ಅವರ ಆತಂಕ. 1950ರ ಹೊತ್ತಿಗೆ ಪಂಡಿತ್ ಠಾಕೂರ್ ದಾಸ್ ಭಾರ್ಗವ ಇದನ್ನು ನಿಷೇಧಿಸಬೇಕೆಂದು ಸಂಸತ್ತಿನಲ್ಲಿ ಖಾಸಗಿ ಮಸೂದೆಯನ್ನೇ ತಂದರು. ಆದರೆ ಚರ್ಚೆ ಸುತ್ತಿದ್ದು ಮುಖ್ಯವಾಗಿ ಒಂದೇ ವಿಷಯದ ಸುತ್ತ: ತುಪ್ಪಕ್ಕೆ ಬೆರೆಸುತ್ತಾರೆ, ಗುರುತಿಸೋದು ಹೇಗೆ? ಬಣ್ಣ ಹಾಕಿ ಅಂದರು. ಸರಿಹೋಗುವ ಬಣ್ಣ ಸಿಗಲಿಲ್ಲ. ಕೊನೆಗೆ ಸರ್ಕಾರ ಜಾಣ ಉಪಾಯ ಮಾಡಿತು. ಪ್ರತಿ ವನಸ್ಪತಿಯಲ್ಲೂ ಶೇ. 5ರಷ್ಟು ಎಳ್ಳೆಣ್ಣೆ ಕಡ್ಡಾಯ. ಎಳ್ಳೆಣ್ಣೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯೂರಾಲ್ ಜೊತೆ ಸೇರಿದರೆ ಕೆಂಪಗಾಗುತ್ತದೆ. ತುಪ್ಪ ಕೆಂಪಾಯಿತೋ, ಕಳ್ಳ ಸಿಕ್ಕಿಬಿದ್ದ! ಇದೇ ಬೌಡೌಯಿನ್ ಪರೀಕ್ಷೆ. (ಬಾತ್‌ರೂಮಿನ ಆಸಿಡ್ ತಂದು ಮನೆಯಲ್ಲಿ ಮಾಡಲು ಹೋಗಬೇಡಿ ಮಾರಾಯ್ರೆ, ಕಣ್ಣು ಹೋದೀತು. ಪ್ರಯೋಗಾಲಯಕ್ಕೆ ಕೊಡಿ.)

1983ರಲ್ಲಿ ಇನ್ನೊಂದು ಗದ್ದಲ. ವನಸ್ಪತಿಗೆ ದನದ ಕೊಬ್ಬು ಬೆರೆಸಿದ್ದಾರೆ ಎಂಬ ಸುದ್ದಿ ದೇಶವನ್ನೇ ಅಲ್ಲಾಡಿಸಿತು. ನಾನಾಗ ಪ್ರೈಮರಿ ಶಾಲೆ ಹುಡುಗ. ಚಿಕ್ಕಪ್ಪ ಡಬ್ಬಿಗಳನ್ನು ಒಳಕೋಣೆಗೆ ಸಾಗಿಸಿದ್ದು ನೆನಪಿದೆ. ಕೆಲವು ತಿಂಗಳಲ್ಲಿ ಡಬ್ಬಿ ಮತ್ತೆ ಮುಂದೆ ಬಂತು.

ಗಮನಿಸಿದಿರಾ? ತುಪ್ಪಕ್ಕೆ ಇದನ್ನು ಬೆರೆಸಿದರಾ, ಇದಕ್ಕೆ ಕೊಬ್ಬು ಬೆರೆಸಿದರಾ, ಇಷ್ಟೇ ನಮ್ಮ ತಕರಾರು. ಬೆರಕೆಯೇ ಇಲ್ಲದ, ಐಎಸ್‌ಐ ಗುರುತಿನ, ಅಪ್ಪಟ ವನಸ್ಪತಿಯೊಳಗೇ ಏನಿದೆ? ಆರೋಗ್ಯದ ಮಾತು ಎತ್ತಿದವರು ಇದ್ದರು. ಆದರೆ ಅವರಿಗೆ ಕೊಡಲು ಪುರಾವೆ ಇನ್ನೂ ಹುಟ್ಟಿರಲಿಲ್ಲ.

ಇದ್ದದ್ದು ಟ್ರಾನ್ಸ್ ಕೊಬ್ಬು. ಎಣ್ಣೆಯನ್ನು ಪೂರ್ತಿ ಜಲಜನಕೀಕರಿಸಿದರೆ ಅದು ಮೇಣದಷ್ಟು ಗಟ್ಟಿ, ಅದರಲ್ಲಿ ಟ್ರಾನ್ಸ್ ಇರುವುದೇ ಇಲ್ಲ ಅನ್ನಬಹುದು. ಆದರೆ ಬೇಕರಿಗೆ ಬೇಕಾದ ಮೆತ್ತನೆ ಹದಕ್ಕಾಗಿ ಅರ್ಧಕ್ಕೆ ನಿಲ್ಲಿಸುತ್ತಾರಲ್ಲ, ಆಗ ಕೆಲವು ಬಂಧಗಳು ಜಲಜನಕ ತೆಗೆದುಕೊಳ್ಳದೆ ಸುಮ್ಮನೆ ಮಗ್ಗುಲು ಬದಲಿಸುತ್ತವೆ. ಅದೇ ಟ್ರಾನ್ಸ್. 1990ರಲ್ಲಿ ನೆದರ್ಲೆಂಡ್ಸಿನ ಮೆನ್ಸಿಂಕ್ ಮತ್ತು ಕಾಟಾನ್ ತೋರಿಸಿಕೊಟ್ಟರು: ಇದು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ. ಎರಡೂ ಕಡೆ ಪೆಟ್ಟು! 2003ರಲ್ಲಿ ಡೆನ್ಮಾರ್ಕ್ ಶೇ. 2ರ ಮಿತಿ ಹಾಕಿತು. 2009ರಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ ಪರೀಕ್ಷಿಸಿದ ವನಸ್ಪತಿಗಳಲ್ಲಿ ಆ ಮಿತಿಯ 5ರಿಂದ 12 ಪಟ್ಟು ಇತ್ತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಶೇ. 10, ಆಮೇಲೆ 5, 2021ರಲ್ಲಿ 3, ಕೊನೆಗೆ 2022ರ ಜನವರಿಯಲ್ಲಿ 2ಕ್ಕೆ ಇಳಿಸಿತು. ಡೆನ್ಮಾರ್ಕ್ ಆದ ಹತ್ತೊಂಬತ್ತು ವರ್ಷಕ್ಕೆ.

ಚಿಕ್ಕಪ್ಪ ಐವತ್ತೆರಡಕ್ಕೆ ಹೃದಯಾಘಾತದಲ್ಲಿ ಹೋದರು. ವನಸ್ಪತಿಯೇ ಕಾರಣ ಅಂತ ನಾನು ಹೇಳಲಾರೆ. ಬೀಡಿ ಇತ್ತು, ಒಲೆ ಮುಂದೆ ರಾತ್ರಿಯಿಡೀ ದುಡಿತ ಇತ್ತು. ಆದರೆ ದಿನಾ ಉಳಿದ ಪಫ್ಸು ತಿಂದು ಮಲಗುತ್ತಿದ್ದ ಮನುಷ್ಯನಿಗೆ ಒಳಗೇನಿದೆ ಅಂತ ತಿಳಿಯುವ ಹಕ್ಕಾದರೂ ಇತ್ತಲ್ಲ?

ಹಾಗಂತ ತೆಂಗಿನೆಣ್ಣೆಗೆ ನಾನು ಖುಲಾಸೆ ಪತ್ರ ಕೊಡುತ್ತಿಲ್ಲ. ಅದರಲ್ಲೂ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ, ತುಪ್ಪದಲ್ಲೂ ಇದೆ. ಮಿತಿ ಎಲ್ಲದಕ್ಕೂ ಬೇಕು.

ಈಗ ಪಣಂಬೂರಿನ ಬಂದರಿಗೆ ಹಡಗಿನಲ್ಲಿ ತಾಳೆ ಎಣ್ಣೆ ಬಂದಿಳಿಯುತ್ತದೆ. ಇವತ್ತಿನ ವನಸ್ಪತಿಗೆ ಮುಖ್ಯವಾಗಿ ಅದೇ ಮೂಲ. ಡಬ್ಬಿ ಮೇಲಿನ ಮರ ಕೊನೆಗೂ ನಿಜವಾಯಿತು ನೋಡಿ!

ಮನೆಯಲ್ಲಿ ಬಳಸುವವರು ಇಷ್ಟು ಮಾಡಿ. ಡಬ್ಬಿ ಬಿಗಿಯಾಗಿ ಮುಚ್ಚಿ, ಬೆಳಕು ಬೀಳದ ತಂಪು ಜಾಗದಲ್ಲಿಡಿ, ಒದ್ದೆ ಚಮಚ ಹಾಕಬೇಡಿ. ಬಾಣಲೆಗೆ ಬೆಂಕಿ ಹತ್ತಿದರೆ ನೀರು ಎರಚಲೇಬೇಡಿ, ಗ್ಯಾಸ್ ಆಫ್ ಮಾಡಿ ತಟ್ಟೆ ಮುಚ್ಚಿ. ಉಳಿದದ್ದನ್ನು ಸಿಂಕಿಗೆ ಸುರಿದರೆ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಬೇಡಿ. ಅದರಲ್ಲಿ ಪೋಲಾರ್ ಸಂಯುಕ್ತ ಶೇ. 25 ದಾಟಿದರೆ ಬಳಸುವಂತಿಲ್ಲ ಅನ್ನುವ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ.

ಪ್ಯಾಕೆಟ್ ಆದರೆ ಟ್ರಾನ್ಸ್ ಫ್ಯಾಟ್ ಎಷ್ಟು ಅಂತ ಓದಿಕೊಳ್ಳಬಹುದು. ಗಾಜಿನ ಭರಣಿಯಿಂದ ತೆಗೆದು ಕಾಗದದಲ್ಲಿ ಕಟ್ಟಿಕೊಡುವ ಬಿಸ್ಕೆಟ್ಟಿಗೆ ಚೀಟಿ ಎಲ್ಲಿದೆ? ಅಲ್ಲಿ ಬಾಯಿಬಿಟ್ಟು ಕೇಳಬೇಕು: "ಯಾವ ಕೊಬ್ಬು ಹಾಕ್ತೀರಿ? ಡಬ್ಬಿ ತೋರಿಸಿ." ಮೊನ್ನೆ ಹಂಪನಕಟ್ಟೆ ಹತ್ತಿರ ಒಂದು ಅಂಗಡಿಯಲ್ಲಿ ನಾನು ಕೇಳಿದೆ. ಹುಡುಗ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಒಳಗೆ ಹೋಗಿ ಡಬ್ಬಿ ತಂದು ತೋರಿಸಿದ. ಮಿತಿಯೊಳಗೇ ಇತ್ತು. ಕಾಲು ಕಿಲೋ ಖಾರ ಬಿಸ್ಕೆಟ್ ಕಟ್ಟಿಸಿಕೊಂಡು ಬಂದೆ.