ಬೊಮ್ಮನ ಹೆಸರು: ಮಂಗಳೂರು ಬಂದರಿನ ಯೆಹೂದಿ ವ್ಯಾಪಾರ ಮತ್ತು ಜಾನಪದ ಸಾಕ್ಷ್ಯ

ಕರ್ನಾಟಕಕ್ಕೂ ರೋಮನ್ ಜಗತ್ತಿಗೂ ಇದ್ದ ಸಂಪರ್ಕವನ್ನು ಸಾರುವ ಕುರುಹುಗಳು ಒಳನಾಡಿನಲ್ಲಿಯೂ ದೊರೆತಿವೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಹಾಗೂ ಟೈಬೀರಿಯಸ್ ಚಕ್ರವರ್ತಿಗಳ ನಾಣ್ಯಗಳೂ, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿನಾಣ್ಯಗಳ ನಿಧಿಯೂ ಬೆಳಕಿಗೆ ಬಂದವು. ಆದರೆ ನಾಣ್ಯಗಳು ಆಳಿದವರ ಹೆಸರನ್ನು ಹೇಳುತ್ತವೆಯೇ ಹೊರತು ಅವನ್ನು ಹೊತ್ತು ತಂದವರ ಹೆಸರನ್ನಲ್ಲ. ಕಡಲ ವ್ಯಾಪಾರದಲ್ಲಿ ದುಡಿದ ಸಾಮಾನ್ಯನ ಹೆಸರು ತಿಳಿಯುವುದು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಮಂಗಳೂರು ಬಂದರಿಗೆ ಸಂಬಂಧಿಸಿದ ಯೆಹೂದಿ ಕಾಗದಪತ್ರಗಳಿಂದ.

ಈ ಪತ್ರಗಳು ದೊರೆತದ್ದು ಮಂಗಳೂರಿನಲ್ಲಲ್ಲ, ಈಜಿಪ್ಟಿನಲ್ಲಿ. ದೇವರ ಹೆಸರಿರಬಹುದಾದ ಬರಹವನ್ನು ನಾಶಪಡಿಸಬಾರದೆಂಬ ನಂಬಿಕೆಯಿಂದ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಹಳೆಯ ಕಾಗದಗಳನ್ನು ಕೂಡಿಡಲಾಗುತ್ತಿತ್ತು. ಗೆನಿಜಾ ಎಂದು ಪ್ರಸಿದ್ಧವಾದ ಆ ಸಂಗ್ರಹದ ಬಹುಭಾಗವನ್ನು ಸಾಲೊಮನ್ ಶೆಕ್ಟರ್ 1896-97ರಲ್ಲಿ ಕೇಂಬ್ರಿಜ್‌ಗೆ ಸಾಗಿಸಿದರು. ಅದರಲ್ಲಿನ ಭಾರತ ವ್ಯಾಪಾರದ ಪತ್ರಗಳನ್ನು ಎಸ್.ಡಿ. ಗೊಯ್ಟೈನ್ ವ್ಯವಸ್ಥಿತವಾಗಿ ಅಭ್ಯಸಿಸಿದರು. ಟ್ಯುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು ಸುಮಾರು 1132ರಿಂದ 1149ರವರೆಗೆ ಪಶ್ಚಿಮ ಕರಾವಳಿಯಲ್ಲಿದ್ದನು. 1132ರಲ್ಲಿ ಆಶು ಎಂಬ ಸ್ತ್ರೀಯನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರವನ್ನು ಆತನು ಮಂಗಳೂರಿನಲ್ಲಿ ಬರೆಯಿಸಿದನು. ಕಂಚಿನ ಪಾತ್ರೆಗಳ ಕಾರ್ಯಾಗಾರವೂ ಆತನದಾಗಿತ್ತು.

ಏಡನ್ನಿನ ವರ್ತಕರು ಬೆನ್ ಯಿಜುವಿಗೆ ಬರೆದ ಓಲೆಗಳಲ್ಲಿ ಅವನ ದಾಸನೊಬ್ಬನ ಪ್ರಸ್ತಾಪವಿದೆ. ಒಡೆಯನ ಪರವಾಗಿ ಏಡನ್ನಿಗೆ ಹೋಗಿ ವ್ಯವಹರಿಸುತ್ತಿದ್ದ ಈತನಿಗೆ ವರ್ತಕರು ವಂದನೆಗಳನ್ನೂ ತಿಳಿಸಿದ್ದಾರೆ. ಹೀಬ್ರೂ ಲಿಪಿಯ ಅರಬ್ಬಿಯಲ್ಲಿ ಸ್ವರಚಿಹ್ನೆಗಳಿಲ್ಲದೆ ಬರೆದ ಅವನ ಹೆಸರನ್ನು ಗೊಯ್ಟೈನ್ ‘ಬಾಮಾ’ ಎಂದು ಓದಿದ್ದರು. 1992ರಲ್ಲಿ ಪ್ರಕಟವಾದ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಕೃತಿಯಲ್ಲಿ ಅಮಿತಾವ್ ಘೋಷ್ ಅದನ್ನು ‘ಬೊಮ್ಮ’ ಎಂದು ಓದಿ, ಅವನನ್ನು ತುಳುನಾಡಿನವನೆಂದು ಗುರುತಿಸಿದರು. ಈ ನಿರ್ಣಯಕ್ಕೆ ಜಾನಪದ ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವು ದೊರೆಯಿತು. ಬೊಮ್ಮ ಎಂಬ ಹೆಸರಿನ ಹಿಂದೆ ತುಳುವರು ಆರಾಧಿಸುವ ಬೆರ್ಮೆರ್ ದೈವದ ನೆನಪಿದೆ.

ಪಾಡ್ದನಗಳಿಗೆ ಕಾಲನಿರ್ದೇಶವಿಲ್ಲವೆಂಬ ಕಾರಣದಿಂದ ಇತಿಹಾಸಕಾರರು ಅವನ್ನು ಬದಿಗಿರಿಸುವುದುಂಟು. ಆ ಎಚ್ಚರ ನ್ಯಾಯವಾದುದೇ. ಆದರೂ ಇಲ್ಲಿ ಕಾಲವನ್ನು ಒದಗಿಸಿದ್ದು ಕಾಗದ. ಆ ಕಾಗದದ ಅಕ್ಷರಗಳಿಗೆ ಸ್ವರವನ್ನೂ ನೆಲೆಯನ್ನೂ ಒದಗಿಸಿದ್ದು ಜನರ ಆರಾಧನಾ ಪರಂಪರೆ. ಈ ಜ್ಞಾನವಿಲ್ಲದಿದ್ದರೆ ಬೊಮ್ಮನು ಊರು ಕೇರಿಗಳಿಲ್ಲದ ಅನಾಮಿಕ ದಾಸನಾಗಿಯೇ ಉಳಿಯುತ್ತಿದ್ದನು. ಆದುದರಿಂದ ಕರಾವಳಿಯ ಬಂದರುಗಳ ಅಧ್ಯಯನದಲ್ಲಿ ಉತ್ಖನನದಷ್ಟೇ ತುರ್ತಾಗಿ ಪಾಡ್ದನ, ದೈವನಾಮ, ವ್ಯಕ್ತಿನಾಮಗಳ ಸಂಗ್ರಹವೂ ನಡೆಯಬೇಕಾಗಿದೆ. ಮಣ್ಣಿನಲ್ಲಿ ಹುದುಗಿದ ಮಡಕೆಚೂರು ಇನ್ನಷ್ಟು ಕಾಲ ಕಾದೀತು. ಹಾಡುವವರ ನೆನಪು ಕಾಯಲಾರದು.