ನೆಲ ಮುಚ್ಚುವ ಬೆಳೆ, ಮಳೆ ಎಣಿಸುವ ಸೀಮೆ

ಕಳೆ ಏಳದಂತೆ ತೋಟದ ನೆಲಕ್ಕೆ ಯಾವ ಗಿಡ ಹಬ್ಬಿಸಬೇಕೆಂದು ಈಗ ನರ್ಸರಿಯಲ್ಲಿ ಕೇಳುತ್ತೇವೆ. ದೊಡ್ಡೇರಿ ಊರಿನ ಸುತ್ತಿನ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆ ಇದಕ್ಕೆ ಉತ್ತರವನ್ನು ಹಿಂದೆಯೇ ತನ್ನ ಹೊಲಗಳಲ್ಲಿ ಕಂಡುಕೊಂಡಿತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಶಿರಾಗಳನ್ನೂ ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ರಾಗಿಯ ನಡುವೆ ಅವರೆ, ತೊಗರಿಗಳನ್ನು ಸಾಲಾಗಿ ಬಿತ್ತುವ ಪದ್ಧತಿಯ ವಿವರವಿದೆ. ನಾವು ಅಕ್ಕಡಿ ಎನ್ನುವುದು ಇದನ್ನೇ. ಮುಂದೆ ಕೂರಿಗೆಯಲ್ಲಿ ರಾಗಿ ಬೀಳುತ್ತದೆ, ಹಿಂದೆ ಸಡ್ಡೆಯಲ್ಲಿ ಅವರೆ ಬೀಳುತ್ತದೆ. ರಾಗಿ ಕೊಯ್ದ ಮೇಲೆ ಹೊಲವೆಲ್ಲ ಅವರೆಯದು. ಚಳಿಗಾಲದ ಇಬ್ಬನಿಯಲ್ಲಿ ಅದು ಹಬ್ಬಿ, ಕೂಳೆಗಳ ನಡುವಿನ ಬಯಲು ನೆಲಕ್ಕೆ ನೆರಳು ಮಾಡುತ್ತದೆ. ಇನ್ನೊಂದೆಡೆ, ಮುಂಗಾರು ಕೈಕೊಟ್ಟು ಪಾಳು ಬಿದ್ದ ಹೊಲಕ್ಕೆ ಹಿಂಗಾರಿನಲ್ಲಿ ಹುರುಳಿ ಎರಚುತ್ತಿದ್ದರು. ಒಂದು ಹದ ಮಳೆಗೆ ಹುಟ್ಟಿ ಒತ್ತಾಗಿ ಹರಡುವ ಹುರುಳಿ ದನಕ್ಕೂ ಮನೆಗೂ ಆಗುತ್ತಿತ್ತು.

ಅವರೆ ಬಿತ್ತಿದ್ದು ಕಾಳಿಗಾಗಿ, ಕಳೆ ಕಿತ್ತಿದ್ದು ಎಡೆಕುಂಟೆ ಮತ್ತು ಹೆಂಗಸರ ಕೈ, ಇದನ್ನು ಕಳೆ ತಡೆಯುವ ಜಾಣ್ಮೆ ಎಂದು ಹೊಗಳುವುದೇಕೆ ಎಂದು ಯಾರಾದರೂ ಕೇಳಬಹುದು. ಆಕ್ಷೇಪದ ಅರ್ಧ ನಿಜ. ಪೈರು ಎಳೆಯದಾಗಿರುವ ಮೊದಲ ತಿಂಗಳಲ್ಲಿ ಯಾವ ಹಬ್ಬುಬೆಳೆಯೂ ನೆಲ ಮುಚ್ಚಲಾರದು. ಆಗಿನ ದುಡಿಮೆ ಕುಂಟೆಯದು, ಕುಡುಗೋಲಿನದು, ಬಿಸಿಲಲ್ಲಿ ಸಾಲು ಹಿಡಿದು ಕೂತ ಹೆಂಗಸರದು. ಆ ಬೆವರನ್ನು ಮರೆಮಾಚಿ ಅಕ್ಕಡಿಯನ್ನು ಕೊಂಡಾಡಿದರೆ ಅನ್ಯಾಯವಾಗುತ್ತದೆ. ಆದರೆ ಕುಂಟೆ ಹಾಯದಷ್ಟು ಪೈರು ಬೆಳೆದ ಮೇಲೆ, ಮತ್ತು ಕೊಯ್ಲಾದ ಮೇಲೆ, ನೆಲವನ್ನು ಕಾಯುತ್ತಿದ್ದುದು ಎಲೆಗಳೇ. ಕಾಳಿಗಾಗಿ ಬಿತ್ತಿದರೆಂಬುದು ನನ್ನ ವಾದವನ್ನು ಗಟ್ಟಿಮಾಡುತ್ತದೆ. ಬರೀ ನೆಲ ಮುಚ್ಚುವುದಕ್ಕೆಂದು ಒಂದು ಗಿಡಕ್ಕೆ ಮಳೆ ಖರ್ಚು ಮಾಡುವ ಅನುಕೂಲ ಈ ಸೀಮೆಗೆ ಎಂದೂ ಇರಲಿಲ್ಲ. ಕಿತ್ತ ಕಳೆಯಲ್ಲೂ ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಬೇರೆಯಾಗಿ ಮಡಿಲು ಸೇರಿ ಬೆರಕೆ ಸೊಪ್ಪಿನ ಸಾರಾಗುತ್ತಿದ್ದವು.

ನನ್ನ ಮಾತಿಗೆ ಹೆಚ್ಚು ತೊಡಕಾಗುವ ಸಾಕ್ಷ್ಯ ಕಡಲೆಕಾಯಿಯದು. ಇಪ್ಪತ್ತನೆಯ ಶತಮಾನದಲ್ಲಿ ಪಾವಗಡ, ಶಿರಾ, ಮಧುಗಿರಿಯ ಕೆಂಪು ಮಣ್ಣನ್ನು ಅದು ಆವರಿಸಿತು. ಹಬ್ಬುವ ತಳಿಗಳು ಸಾಲುಗಳ ನಡುವಿನ ನೆಲವನ್ನು ಮುಚ್ಚಿಬಿಡುತ್ತವೆ. ಗೊಂಚಲು ತಳಿಗಳು ನೆಟ್ಟಗೆ ನಿಂತು ನಡುವೆ ಬಿಸಿಲಿಗೆ, ಅಂದರೆ ಕಳೆಗೆ, ಜಾಗ ಬಿಡುತ್ತವೆ. ಆದರೂ ತಮಿಳುನಾಡಿನ ತಿಂಡಿವನಂ ಸಂಶೋಧನಾ ಕೇಂದ್ರದಿಂದ 1940ರಲ್ಲಿ ಬಂದ ಟಿಎಂವಿ-2 ಎಂಬ ಗೊಂಚಲು ತಳಿ ಹೊಲ ಹೊಲವನ್ನೂ ಗೆದ್ದಿತು. ಹಬ್ಬು ತಳಿಗಿಂತ ಮೂರು ನಾಲ್ಕು ವಾರ ಮೊದಲೇ ಕೀಳಲು ಬರುತ್ತದೆ, ಗಿಡ ಹಿಡಿದೆಳೆದರೆ ಕಾಯಿ ಒಟ್ಟಿಗೆ ಬರುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಅದೂ ನಂಬಿಕೆಯಿಲ್ಲದೆ ಬೀಳುವ ಮಳೆಯಲ್ಲಿ ಆ ವಾರಗಳೇ ಫಸಲಿನ ಅಳಿವು ಉಳಿವು. ರೈತ ಕಳೆ ಕೀಳುವ ಕೂಲಿಯನ್ನು ಹೊತ್ತುಕೊಂಡು ಮಳೆಯ ಲೆಕ್ಕವನ್ನು ಆರಿಸಿಕೊಂಡ. ಇಲ್ಲಿ ನೆಲ ಮುಚ್ಚುವ ಗಿಡದ ಮೊದಲ ಅರ್ಹತೆ ಹಬ್ಬುವ ಶಕ್ತಿಯಲ್ಲ. ತೇವ ಮುಗಿಯುವ ಹೊತ್ತಿಗೆ ತನ್ನ ಬಾಳು ಮುಗಿಸುವ ಗುಣ.

ಕೆರೆಯ ಹಿಂದಿನ ತೋಟಗಳು ಹೋಗಿ ಕೊಳವೆಬಾವಿಯ ಅಡಿಕೆ, ತೆಂಗು ಬಂದ ಮೇಲೆ ಈ ಲೆಕ್ಕ ಸಡಿಲವಾಯಿತು. ಜಪಾನಿನ ಮಸನೊಬು ಫುಕುವೋಕಾ ತಮ್ಮ ಹೊಲಕ್ಕೆ ಬಿಳಿ ಕ್ಲೋವರ್ ಹಬ್ಬಿಸಿದ್ದು ನಮ್ಮ ಸಹಜ ಕೃಷಿಕರನ್ನು ಸೆಳೆಯಿತು. ಅವರ ಚಿಂತನೆ ದೊಡ್ಡದು, ಆದರೆ ಆ ಗಿಡ ತಂಪು ಮತ್ತು ತೇವದ ನಾಡಿನದು. ಅಂದಕ್ಕೆ ನೆಡುವ ವೆಡೇಲಿಯಾ ಬೇಲಿ ದಾಟಿ ತಾನೇ ಕಳೆಯಾಗುತ್ತದೆ. ಇವಕ್ಕಿಂತ ತೆಂಗಿನ ನಡುವೆ ಮಳೆಗಾಲಕ್ಕೆ ಅಲಸಂದೆ, ಹಿಂಗಾರಿಗೆ ಹುರುಳಿ ಬಿತ್ತಿ, ಹೂವಾಗುವ ಮುಂಚೆ ಮಣ್ಣಿಗೆ ಮಗುಚುವುದೋ, ಇಲ್ಲವೇ ಬಲಿಯಲು ಬಿಟ್ಟು ಕಾಯಿ ಬಿಡಿಸಿಕೊಳ್ಳುವುದೋ ಮೇಲು. ತೊಟ್ಟಿಯ ನೀರು ಹರಿಯುವ ನೆರಳಿಗೆ ಒಂದೆಲಗ, ಹೊನಗನ್ನೆ ಸಾಕು. ಬದುವಿನ ಪಾರ್ಥೇನಿಯಂಗೆ ಮಳೆಗೆ ಮುಂಚೆ ತಗಚೆ ಬೀಜ ಎರಚಲು ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ, ಅದರ ಚಿಗುರು ಪಲ್ಯಕ್ಕಾಗುತ್ತದೆ. ತೋಟದಲ್ಲಿ ಬಿತ್ತಿದ ಈ ಬೆಳೆಗಳು ಮರದ ಬುಡದ ನೀರು ಕಸಿಯುವುದಿಲ್ಲವೇ? ಕುಡಿಯುತ್ತವೆ, ಕಳೆಯೂ ಕುಡಿಯುತ್ತದೆ. ಅದಕ್ಕೇ ಬುಡದ ಸುತ್ತ ಒಂದು ಮಾರು ಬಿಟ್ಟು ಬಿತ್ತಬೇಕು, ಬೇಸಿಗೆಗೆ ಹಸಿರು ಉಳಿಸಬಾರದು, ಒಣಗಿದ್ದನ್ನು ನೆಲಕ್ಕೇ ಹಾಸಬೇಕು. ಗರಿಕೆ, ಜೇಕು ಮಾತ್ರ ಇದಕ್ಕೂ ಪೂರ್ತಿ ಜಗ್ಗುವುದಿಲ್ಲ. ನೆರಳಿಗೆ ಸೊರಗುತ್ತವೆ, ಗರಿಕೆಯ ಬೇರು, ಜೇಕಿನ ಗಡ್ಡೆ ಮಣ್ಣೊಳಗೆ ಉಳಿಯುತ್ತವೆ. ಬಿತ್ತುವ ಮುಂಚೆ ಬೇಸಿಗೆಯಲ್ಲಿ ಉತ್ತು ಆ ಬೇರು, ಗಡ್ಡೆಗಳನ್ನು ಬಿಸಿಲಿಗೆ ಹಾಕಿ ಆರಿಸುವ ಕೆಲಸ ತಪ್ಪುವುದಿಲ್ಲ.